ಪೇಟಿ ನಮ್ಮ ಮನೆಯಲ್ಲಿದ್ದ ಕೊನೆಯ ವರ್ಷ

ತಮ್ಮ ತೀರಿಕೊಂಡ ದಿನ ಅವನದೇ ಭಜನಾ ಮಂಡಳಿಯವರು ನಮ್ಮ ಮನೆಗೆ ಬಂದರು. ಶಾಮನೂರಿನ ಹಳೆ ಊರಿನಲ್ಲಿರುವ ನಮ್ಮ ಮನೆಯ ಪಡಸಾಲೆ ಚಿಕ್ಕದು. ಅವನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಎದುರಿಗೆ ಚಾಪೆಯ ಮೇಲೆ ಮಂಡಳಿಯವರು ಕೂತರು. ಹಾಡುವ ಅಜ್ಜ, ಪಂಚರ್ ಅಂಗಡಿ ಇಟ್ಟಿರುವ ತಬಲಾದವನು, ತಾಳ ಹಾಕುವ ಇಬ್ಬರು. ಅಜ್ಜನ ಬಲಗಡೆಯ ಜಾಗ ಖಾಲಿ ಇತ್ತು. ಅಲ್ಲಿ ಕೂತು ಪೇಟಿ ನುಡಿಸುತ್ತಿದ್ದವನು ತಮ್ಮನೇ. ಹಾರ್ಮೋನಿಯಂಗೆ ನಾವು ಪೇಟಿ ಅನ್ನುತ್ತೇವೆ. ಆ ಪೇಟಿ ಬಟ್ಟೆ ಹೊದ್ದು ಒಳಕೋಣೆಯ ಮೂಲೆಯಲ್ಲಿತ್ತು. ಅದನ್ನು ಹೊರಗೆ ತರಬೇಕೋ ಬೇಡವೋ ಎಂದು ಯಾರೂ ಕೇಳಲಿಲ್ಲ.

ಸಾವಿನ ಮನೆಯ ಭಜನೆ ಸೋಮವಾರ ಗುಡಿಯಲ್ಲಿ ಮಾಡುವ ಭಜನೆಯ ಹಾಗಲ್ಲ. ಗುಡಿಯಲ್ಲಿ ಒಂದು ಪದ ಶುರುವಾದರೆ ಮುಗಿಯುವ ತನಕ ಯಾರೂ ಅಡ್ಡ ಬರುವುದಿಲ್ಲ. ಸಾವಿನ ಮನೆಯಲ್ಲಿ ಹರಪನಹಳ್ಳಿಯಿಂದ ಅಕ್ಕ ಬರುತ್ತಾಳೆ, ರಾಣೇಬೆನ್ನೂರಿನಿಂದ ಮಗಳು ಬರುತ್ತಾಳೆ. ಬಾಗಿಲಲ್ಲೇ ಅಳು ಶುರುವಾಗುತ್ತದೆ. ಹಾಡುವವರು ಸಾಲಿನ ಮಧ್ಯದಲ್ಲಿ ನಿಲ್ಲಿಸಿ ಅವರಿಗೆ ಜಾಗ ಬಿಡಬೇಕು. ಎಷ್ಟು ಹೊತ್ತು ಎಂದು ಯಾರಿಗೂ ಗೊತ್ತಿರುವುದಿಲ್ಲ. ಎರಡು ನಿಮಿಷವಾಗಬಹುದು, ಹತ್ತು ನಿಮಿಷವಾಗಬಹುದು. ಅಷ್ಟು ಹೊತ್ತು ಪದ ಪೂರ್ತಿ ಆರಿಹೋಗದ ಹಾಗೆ ಪೇಟಿಯವನು ಏನನ್ನಾದರೂ ನುಡಿಸುತ್ತ ಇರಬೇಕು. ಅಳು ಏರಿದರೆ ಅವನು ಸಣ್ಣದಾಗಬೇಕು, ಅಳು ತಗ್ಗಿದಾಗ ಹಾಡುವವರಿಗೆ ಮುಂದಿನ ಸಾಲಿನ ದಾರಿ ತೋರಿಸಬೇಕು. ಹೀಗೇ ನುಡಿಸು ಎಂದು ಯಾವ ಪುಸ್ತಕದಲ್ಲೂ ಇಲ್ಲ. ಆ ಗಳಿಗೆಯಲ್ಲಿ ಕೈಗೆ ಬಂದದ್ದು. ಮಂಡಳಿಯವರು ಅದನ್ನು ಭರ್ತಿ ಅನ್ನುತ್ತಿದ್ದರು.

ತಮ್ಮನ ಮುಂದೆ ಹಾಡಿದಾಗ ಭರ್ತಿ ಇರಲಿಲ್ಲ. ಅವನ ಮಗಳು ಬಂದು ಬಾಗಿಲಲ್ಲಿ ಕುಸಿದಾಗ ಅಜ್ಜ ಹಾಡು ನಿಲ್ಲಿಸಿದರು. ತಬಲಾದವನು ನಾಲ್ಕು ಪೆಟ್ಟು ಹಾಕಿ ನೋಡಿ ಅವನೂ ಬಿಟ್ಟ. ಮತ್ತೆ ಪದ ಎತ್ತಿಕೊಳ್ಳಲು ಅಜ್ಜನಿಗೆ ಶ್ರುತಿ ಸಿಗಲಿಲ್ಲ. ಮೂರು ಸಲ ಎತ್ತಿ ಮೂರು ಸಲ ಇಳಿಸಿದರು. ಸುಮಾರು ಮೂವತ್ತು ವರ್ಷ ನಾನು ಆ ಮಂಡಳಿಯ ಹಿಂದೆ ಗೋಡೆಗೆ ಒರಗಿ ಕೂತು ಕೇಳಿದ್ದೇನೆ. ಭರ್ತಿ ಎಂಬುದೊಂದು ಇದೆ ಎಂದು ಕಿವಿಗೆ ಬಿದ್ದದ್ದು ಅವತ್ತೇ.

ನಾನು ಅವನ ಅಣ್ಣ. ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ. ಮದುವೆಯಾಗಲಿಲ್ಲ, ತಮ್ಮನ ಸಂಸಾರದ ಜೊತೆಗೇ ಇದ್ದೆ. ಮಂಡಳಿಯಲ್ಲಿ ನನ್ನ ಕೆಲಸ ಪೇಟಿ ಹೊರುವುದು. ಅವನು ಬೈಕ್ ಓಡಿಸುತ್ತಿದ್ದ, ನಾನು ಹಿಂದೆ ಕೂತು ಪೇಟಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದೆ. ಗುಂಡಿ ಬಂದರೆ ಅವನು ಮೊದಲೇ ಹೇಳುತ್ತಿದ್ದ, ನಾನು ಪೇಟಿಯನ್ನು ಒಂದಿಷ್ಟು ಎತ್ತಿ ಹಿಡಿಯುತ್ತಿದ್ದೆ. ನುಡಿಸಬೇಕೆಂದು ಒಂದು ದಿನವೂ ಅನ್ನಿಸಿರಲಿಲ್ಲ.

ಕಾರ್ಯ ಮುಗಿದ ದಿನ ಊಟವಾದ ಮೇಲೆ ಮಂಡಳಿಯವರು ಕಟ್ಟೆಯ ಮೇಲೆ ಕೂತಿದ್ದರು. ಪೇಟಿಯ ಮಾತು ಬಂತು. ನಮ್ಮ ಮಂಡಳಿಯ ಕ್ರಮವೇನೆಂದರೆ ಪೇಟಿ ಎಲ್ಲರದು, ಆದರೆ ಅದು ಇರುವುದು ನುಡಿಸುವವನ ಮನೆಯಲ್ಲಿ. ನುಡಿಸುವವರಿಲ್ಲದ ಮನೆಯಲ್ಲಿ ಅದನ್ನು ಇಡುವುದಿಲ್ಲ. ಹತ್ತಿರದ ಬಾತಿ ಊರಿನಲ್ಲಿ ಒಬ್ಬ ಶಾಲಾ ಮೇಷ್ಟ್ರು ಇದ್ದರು, ಸುಮಾರಾಗಿ ನುಡಿಸುತ್ತಿದ್ದರು.

"ವರ್ಷದ ಕಾರ್ಯ ಆಗೋತನಕ ಇಲ್ಲೇ ಇರ್ಲಿ" ಎಂದರು ಅಜ್ಜ. "ಆಮ್ಯಾಕೆ ಬಾತಿ ಮೇಷ್ಟ್ರ ಮನೆಗೆ ಹೋಗ್ಲಿ. ಅಲ್ಲೀತನಕ ಮೇಷ್ಟ್ರು ಬಿಡುವಿದ್ದಾಗ ಬಂದು ಬಾರ್ಸ್ಲಿ."

"ಅಷ್ಟ್ರಾಗ ಈ ಮನ್ಯಾಗ ಯಾರಾದ್ರೂ ಕಲ್ತರೆ?" ತಬಲಾದವನು ನನ್ನ ಕಡೆ ನೋಡಿ ಕೇಳಿದ.

"ಯಾರು, ಇವನಾ? ಇವನು ಕಲ್ತಿರಾದು ಹೊರಾದು."

"ಕಲೀತೀನಿ" ಎಂದೆ ನಾನು.

ಅಜ್ಜ ನನ್ನ ಕಡೆ ತಿರುಗಿದರು. "ಕಲಿಯಪ್ಪ" ಎಂದರು. "ವರ್ಷದ ಕಾರ್ಯಕ್ಕೆ ನೀನೇ ಬಾರ್ಸು. ಭರ್ತಿ ಮಾಡಿದ್ರೆ ಇಲ್ಲೇ ಇರ್ತೈತೆ."

ನನಗಾಗ ಐವತ್ತೇಳು ದಾಟಿತ್ತು. ಹೇಳಿ ಕೊಡುವವರನ್ನು ಹುಡುಕಿಕೊಂಡು ಹೋಗುವ ಧೈರ್ಯವಿರಲಿಲ್ಲ. ತಮ್ಮನ ಮಗಳು ರಾಣೇಬೆನ್ನೂರಿಗೆ ವಾಪಸು ಹೋಗುವ ಮೊದಲು ನನ್ನ ಫೋನ್ ಇಸಿದುಕೊಂಡು ಏನೇನೋ ಒತ್ತಿದಳು.

"ದೊಡ್ಡಪ್ಪಾ, ನೋಡಿಲ್ಲಿ. ಪುಕ್ಕಟೆ ಪಾಠ. ಮೊದ್ಲು ಇದು, ಸರಿಗಮ ಹೇಳ್ಕೊಡ್ತೈತೆ. ಇದು ಮುಗಿದ್ಮೇಲೆ ಇದು. ಇಂಪ್ರೊವೈಸೇಷನ್ ಅಂತ."

"ಹಂಗಂದ್ರೆ?"

"ಮನಸಿಗೆ ಬಂದಿದ್ದು ಬಾರ್ಸಾದು."

"ಮನಸಿಗೆ ಏನೂ ಬರ್ಲಿಲ್ಲಂದ್ರೆ?"

"ಅದಕ್ಕೇ ಮೂವತ್ತಾರು ಪಾಠ ಇಟ್ಟಾರೆ" ಎಂದಳು. ಅಪ್ಪ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಸರಿಗಮಕ್ಕೆ ಮೂರು ತಿಂಗಳು ಹಿಡಿಯಿತು. ಲೇತ್ ಹಿಡಿದ ಬೆರಳು ನನ್ನವು, ಒಂದನ್ನು ಬಗ್ಗಿಸಿದರೆ ಪಕ್ಕದ್ದೂ ಬಗ್ಗುತ್ತಿತ್ತು. ಕಾರ್ಖಾನೆಯಿಂದ ಬಂದು ಮುಖ ತೊಳೆದು ಆರು ಗಂಟೆಗೆ ಪಡಸಾಲೆಯಲ್ಲಿ ಕೂರುತ್ತಿದ್ದೆ. ತಮ್ಮನೂ ಅದೇ ಹೊತ್ತಿಗೆ ಕೂರುತ್ತಿದ್ದ. ಫೋನನ್ನು ಒಂದು ಚೊಂಬಿಗೆ ಒರಗಿಸಿ ನಿಲ್ಲಿಸುತ್ತಿದ್ದೆ. ನಾನು ಶುರು ಮಾಡಿದ ಕೂಡಲೇ ತಮ್ಮನ ಹೆಂಡತಿ ಒಣಗಿದ ಬಟ್ಟೆ ತರುತ್ತೇನೆಂದು ಮಾಳಿಗೆಗೆ ಹೋಗುತ್ತಿದ್ದಳು, ಇಲ್ಲದಿದ್ದರೆ ಪಕ್ಕದ ಮನೆಗೆ. ನನಗೆ ಸಂಕೋಚವಾಗದಿರಲಿ ಎಂದು ಎದ್ದು ಹೋಗುತ್ತಾಳೆ ಅಂದುಕೊಂಡಿದ್ದೆ. ಒಳ್ಳೆಯ ಹೆಣ್ಣುಮಗಳು ಎಂದುಕೊಳ್ಳುತ್ತಿದ್ದೆ.

ಇಂಪ್ರೊವೈಸೇಷನ್ ಹೇಳಿಕೊಡುವ ಮೇಷ್ಟ್ರು ಹಿಂದಿಯವರು. ಹಸಿರು ಗೋಡೆಯ ಮುಂದೆ ಕೂತು ನಿಧಾನ ಮಾತಾಡುವ ಸಣಕಲು ಮನುಷ್ಯ. ಕಾರ್ಖಾನೆಯಲ್ಲಿ ಬಿಹಾರದವರ ಜೊತೆ ಇದ್ದು ಬಂದ ಹಿಂದಿಯಿಂದ ನನಗೆ ಮುಕ್ಕಾಲು ಪಾಲು ಅರ್ಥವಾಗುತ್ತಿತ್ತು. ಮೊದಲ ಪಾಠವೇ ಕಷ್ಟದ್ದು. ಮೂರೇ ಸ್ವರ ತಗೊಳ್ಳಿ, ಹತ್ತು ನಿಮಿಷ ನುಡಿಸಿ, ಬೇರೆ ಸ್ವರ ಮುಟ್ಟಬೇಡಿ, ನಿಲ್ಲಿಸಬೇಡಿ. ಒಂದು ನಿಮಿಷಕ್ಕೆ ನನ್ನ ಬಳಿ ಇದ್ದದ್ದೆಲ್ಲ ಮುಗಿಯಿತು. ಸ ರಿ ಗ, ಗ ರಿ ಸ, ಸ ಗ ರಿ. ಇನ್ನೇನು? ಗೋಡೆ ನೋಡಿದೆ. ಅಷ್ಟರಲ್ಲಿ ಮಂಡಿನೋವಿನ ಎಣ್ಣೆಯ ಜಾಹೀರಾತು ಬಂತು. ಅದು ಮುಗಿಯುವ ತನಕ ಸುಮ್ಮನೆ ಕೂತಿರಲು ಒಂದು ನೆಪವಾಯಿತು.

ಇನ್ನೊಂದು ಪಾಠ ಯಾವುದೋ ದೇಶದ ಹೆಂಗಸಿನದು, ಪಿಯಾನೋ ಮೇಲೆ. ಕೆಳಗೆ ಕನ್ನಡದ ಅಕ್ಷರ ತಾನಾಗಿ ಓಡುತ್ತಿತ್ತು, ಅರ್ಧ ಅರ್ಥವಾಗುತ್ತಿರಲಿಲ್ಲ. ಒಂದು ಮಾತು ಮಾತ್ರ ತಿಳಿಯಿತು. ತಪ್ಪು ನುಡಿಸಿದರೆ ಅದೇ ತಪ್ಪನ್ನು ಇನ್ನೊಮ್ಮೆ ನುಡಿಸಿ, ಆಗ ಅದು ತಪ್ಪು ಅನ್ನಿಸುವುದಿಲ್ಲ ಎಂದಿದ್ದಳು. ಮರುದಿನ ಕಾರ್ಖಾನೆಯಲ್ಲಿ ಇದನ್ನು ಹೇಳಿದೆ. ನಮ್ಮ ಸೂಪರ್‌ವೈಸರ್ ನನ್ನ ಮುಂದಿದ್ದ ಕಬ್ಬಿಣದ ಸರಳು ನೋಡಿ, "ಇಲ್ಲಿ ಹಂಗೆ ಮಾಡ್ಬ್ಯಾಡ್ರಿ ಮತ್ತೆ" ಎಂದ.

ಪಾಠದ ಕೆಳಗೆ ಪ್ರಶ್ನೆ ಬರೆಯಲು ಜಾಗವಿತ್ತು. ಒಂದು ದಿನ ಬಹಳ ಯೋಚಿಸಿ ಕನ್ನಡದಲ್ಲೇ ಬರೆದೆ. ಸುತ್ತ ಜನ ಅಳುತ್ತಿರುವಾಗ ಏನು ನುಡಿಸಬೇಕು, ದಯವಿಟ್ಟು ತಿಳಿಸಿ ಎಂದು. ಉತ್ತರ ಬರಲಿಲ್ಲ. ಯಾರೋ ಕೈಮುಗಿದ ಚಿತ್ರ ಹಾಕಿದ್ದರು.

ಹನ್ನೊಂದನೆಯ ಪಾಠದ ಹೊತ್ತಿಗೆ ನನಗೆ ಸಾಕಾಗಿತ್ತು. ಮನಸ್ಸಿಗೆ ಬಂದದ್ದು ನುಡಿಸಿ ಎನ್ನುತ್ತಿದ್ದರು. ನನ್ನ ಮನಸ್ಸಿಗೆ ತಮ್ಮ ನುಡಿಸಿದ್ದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಹಾಗಾಗಿ ಸುಲಭದ ದಾರಿ ಹಿಡಿದೆ. ಮಂಡಳಿಯವರ ಫೋನುಗಳಲ್ಲಿ ಹಳೆಯ ಭಜನೆಗಳ ರೆಕಾರ್ಡಿಂಗ್ ಇದ್ದವು. ಎಲ್ಲವನ್ನೂ ತರಿಸಿಕೊಂಡು ಕಿವಿಗೆ ಹಚ್ಚಿಕೊಂಡು, ತಮ್ಮ ಎಲ್ಲೆಲ್ಲಿ ಭರ್ತಿ ಮಾಡಿದ್ದಾನೋ ಅಷ್ಟನ್ನೇ ಹೆಕ್ಕಿದೆ. ಒಂದೊಂದು ಸ್ವರವನ್ನೂ ಪೇಟಿಯ ಮೇಲೆ ಹುಡುಕಿ ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಒಂಬತ್ತು ಭರ್ತಿಗಳಾದವು. ಅವನ್ನು ಬಾಯಿಪಾಠ ಮಾಡಿದೆ. ಕೈಗೆ ಬಂದದ್ದನ್ನು ಅವನು ಒಂದು ಸಲ ನುಡಿಸಿ ಬಿಟ್ಟಿದ್ದ, ನಾನು ಅದನ್ನೇ ಇನ್ನೂರು ಸಲ ನುಡಿಸಿದೆ.

ಅವನದೊಂದು ವಿಶೇಷವಿತ್ತು. ಉದ್ದ ಸ್ವರವನ್ನು ಒಂದೇ ಎಳೆಯಾಗಿ ಬಿಡುತ್ತಿರಲಿಲ್ಲ, ತುಂಡು ಮಾಡುತ್ತಿದ್ದ. ಎರಡು ಉದ್ದ, ಒಂದು ಗಿಡ್ಡ, ನಡುವೆ ಗಂಟಲು ಕಟ್ಟಿದ ಹಾಗೆ ಒಂದು ತಡೆ. ಸಾವಿನ ಮನೆಗಳಲ್ಲಿ ಹೆಂಗಸರು "ಪೇಟೀನೇ ಬಿಕ್ಕಿ ಬಿಕ್ಕಿ ಅಳ್ತೈತೆ ನೋಡ್ರೇ" ಎಂದು ಹೇಳಿಕೊಂಡು ಅಳುತ್ತಿದ್ದರು. ಅವನ ವಿದ್ಯೆಯ ಗುಟ್ಟೇ ಅದು ಎಂದು ನಾನು ನಂಬಿದೆ. ಆ ತಡೆ ಎಷ್ಟು ಹೊತ್ತು, ಗಿಡ್ಡ ಸ್ವರ ಎಷ್ಟು ಗಿಡ್ಡ ಎಂದು ಅಳೆದು ಕಲಿತೆ. ನನ್ನಿಂದ ಉದ್ದ ಸ್ವರ ಹೇಗೂ ನಿಲ್ಲುತ್ತಿರಲಿಲ್ಲ. ಎಡಗೈಯಿಂದ ತಿದಿ ಒತ್ತುವುದು ನನಗೆ ಇನ್ನೂ ಬಂದಿಲ್ಲ, ಗಾಳಿ ಬೇಗ ಮುಗಿಯುತ್ತಿದೆ ಎಂದುಕೊಂಡು ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಒಂದು ಸಂಜೆ ತಮ್ಮನ ಹೆಂಡತಿ ಮಾಳಿಗೆಯಿಂದ ಬೇಗ ಇಳಿದು ಬಂದಳು. ನಾನು ಆ ಬಿಕ್ಕುವ ಭರ್ತಿಯನ್ನು ನುಡಿಸುತ್ತಿದ್ದೆ. ಬಟ್ಟೆಯ ರಾಶಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಳು.

"ಹಂಗೇ ಐತೆ ಭಾವಾರೆ" ಎಂದಳು. ಒಳಗೆ ಹೋದಳು.

ನನಗೆ ಅಷ್ಟು ಸಂತೋಷ ಆ ವರ್ಷ ಇನ್ನಾವುದರಿಂದಲೂ ಆಗಲಿಲ್ಲ.

ವರ್ಷದ ಕಾರ್ಯಕ್ಕೆ ತಿಂಗಳಿದ್ದಾಗ ಪೇಟಿಯಿಂದ ಬುಸ್ಸೆಂಬ ಸದ್ದು ಜಾಸ್ತಿಯಾಯಿತು. ಹರಿಹರದ ಹಳೆ ಪೇಟೆಯಲ್ಲಿ ಪೇಟಿ ರಿಪೇರಿ ಮಾಡುವ ಸಾಬರೊಬ್ಬರು ಇದ್ದರು. ಒಂದು ಭಾನುವಾರ ಬಸ್ಸಿನಲ್ಲಿ ಹೊರಟೆ. ಪೇಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ.

"ಯಜಮಾನ್ರೆ, ಅದನ್ನ ಮುಂದೆ ಇಡ್ರಿ, ಜನ ನಿಂತಾರೆ" ಎಂದ ಕಂಡಕ್ಟರ್.

"ಇರ್ಲಿ ಬಿಡಪ್ಪ, ಕೆಳಗಿಡಂಗಿಲ್ಲ ಇದು."

"ಏನೈತೆ ಅದ್ರಾಗ, ಬಂಗಾರನಾ?"

"ಪೇಟಿ. ಬಾರ್ಸಾದು."

"ಹಂಗಾದ್ರೆ ಒಂದು ಬಾರ್ಸ್ರಿ. ಹರಿಹರತನಕ ಬ್ಯಾಸ್ರ ಕಳೀಲಿ."

ಹಿಂದಿನ ಸೀಟಿನವರು ನಕ್ಕರು. ನಾನೂ ನಕ್ಕೆ, ಆದರೆ ನುಡಿಸಲಿಲ್ಲ.

ಸಾಬರು ಪೇಟಿಯನ್ನು ತಿರುಗಿಸಿ ತಿದಿಯ ಮಡಿಕೆಗಳನ್ನು ಬೆಳಕಿಗೆ ಹಿಡಿದರು. ಒಳಗೆ ಎರಡು ಕಡೆ ಹರಿದಿತ್ತು. ಹರಿದಲ್ಲಿ ಬಟ್ಟೆಯ ತುಂಡು ಅಂಟಿಸಿದ್ದರು, ಅದರ ಮೇಲೆ ಇನ್ನೊಂದು ತುಂಡು, ಅದರ ಮೇಲೆ ಮತ್ತೊಂದು. ಕೊನೆಯದು ನಮ್ಮ ಮನೆಯ ಹಳೆಯ ದಿಂಬಿನ ಚೀಲದ ಹೂವಿನ ಬಟ್ಟೆ.

"ನಿಮ್ಮ ತಮ್ಮಾರ ಕೆಲ್ಸ ಇದು" ಎಂದರು ಸಾಬರು. "ಎರಡು ಸಲ ಬಂದಿದ್ರು. ಎಂಟು ದಿನ ಬಿಟ್ಟು ಹೋಗ್ರಿ, ಹೊಸ ತಿದಿ ಹಾಕ್ತೀನಿ ಅಂದೆ. ಎಂಟು ದಿನದಾಗ ಯಾರಾದ್ರೂ ಹೋದ್ರೆ ಏನ್ಮಾಡ್ಲಿ ಸಾಬ್ರೆ ಅಂದ್ರು. ಎತ್ಕಂಡು ಹೋದ್ರು."

"ಎಷ್ಟು ವರ್ಷ ಆತು?"

"ಹತ್ತಾದ್ರೂ ಆಗೈತೆ. ಇಷ್ಟು ಗಾಳಿ ಸೋರಿದ್ರೆ ಉದ್ದ ಸ್ವರ ಎಲ್ಲಿ ನಿಲ್ತೈತ್ರಿ? ತುಂಡು ತುಂಡು ಮಾಡಿ ಹಿಡೀತಿದ್ರು ಪಾಪ. ಗಾಳಿ ಮುಗೀತು ಅನ್ನಾದ್ರಾಗ ಬಿಟ್ಟು, ಮತ್ತೆ ಹಿಡಿಯಾದು. ಕೇಳಾರಿಗೆ ಗೊತ್ತಾಗ್ತಿರ್ಲಿಲ್ಲ. ಹುಷಾರಿ ಮನುಷ್ಯ."

ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ಎರಡು ತಿಂಗಳು ನಾನು ಕೈಗಡಿಯಾರ ಇಟ್ಟುಕೊಂಡು ಅಳೆದು ಕಲಿತದ್ದು ಒಂದು ಹರಿದ ತಿದಿಯನ್ನು. ಅವನು ಬೇರೆ ದಾರಿಯಿಲ್ಲದೆ ಮಾಡಿದ್ದನ್ನು ನಾನು ಪಾಠ ಮಾಡಿಕೊಂಡಿದ್ದೆ. ನಗು ಬರಬೇಕಿತ್ತು, ಬರಲಿಲ್ಲ. ಅವನು ಪ್ರತಿ ಸಾವಿನ ಮನೆಯಲ್ಲೂ ಗಾಳಿ ಸಾಲದೆ ಒದ್ದಾಡುತ್ತಿದ್ದ, ಹಿಂದೆಯೇ ಕೂತಿದ್ದ ನನಗೆ ಅದು ತಿಳಿಯಲಿಲ್ಲ ಅನ್ನುವುದೇ ತಲೆಯಲ್ಲಿ ಕೂತಿತು.

"ಹೊಸದು ಹಾಕ್ಲಾ, ಹಿಂಗೇ ಅಂಟಿಸಿ ಕೊಡ್ಲಾ?" ಕೇಳಿದರು.

"ಹೊಸದು ಹಾಕ್ರಿ" ಎಂದೆ. ಎಂಟು ದಿನ ಬಿಟ್ಟು ಬಂದೆ. ಮಂಡಳಿಯಲ್ಲಿ ಯಾರನ್ನೂ ಕೇಳಲಿಲ್ಲ.

ಐದನೆಯ ದಿನ ಬೆಳಿಗ್ಗೆ ಕಾರ್ಖಾನೆಯಲ್ಲಿದ್ದಾಗ ಅಜ್ಜನ ಫೋನ್ ಬಂತು. ಬಾತಿಯಲ್ಲಿ ಒಬ್ಬರು ತೀರಿಕೊಂಡಿದ್ದರು. ಮೇಷ್ಟ್ರಿಗೆ ಅವತ್ತು ರಜೆ, ನುಡಿಸಲು ಬರುತ್ತಾರೆ, ಪೇಟಿ ತಗೊಂಡು ಬಾ ಎಂದರು.

"ಅಜ್ಜಾ, ಪೇಟಿ ಹರಿಹರದಾಗ ಐತೆ. ರಿಪೇರಿಗೆ ಕೊಟ್ಟೀನಿ."

"ಯಾರನ್ನ ಕೇಳಿ ಕೊಟ್ಟೆ?"

"ತಿದಿ ಹರಿದಿತ್ತು."

"ಹರೀಲಿ. ನಿನ್ನ ತಮ್ಮ ಒಂದು ದಿನ ಪೇಟಿನ ಊರ ಹೊರಗೆ ಬಿಟ್ಟಿದ್ದಿಲ್ಲ."

ನಾನು ಅರ್ಧ ದಿನ ರಜೆ ಹಾಕಿ ಬರಿಗೈಯಲ್ಲೇ ಬಾತಿಗೆ ಹೋದೆ. ಮೇಷ್ಟ್ರು ಪೇಟಿಯಿಲ್ಲದೆ ಚಾಪೆಯ ಮೇಲೆ ಕೂತಿದ್ದರು, ಬೆರಳುಗಳು ತೊಡೆಯ ಮೇಲೆ ಅವರಿಗೆ ಗೊತ್ತಿಲ್ಲದೆಯೇ ಆಡುತ್ತಿದ್ದವು. ಸತ್ತವರ ತಂಗಿ ಬಂದು ಅಳಲು ಶುರು ಮಾಡಿದಾಗ ಹಾಡು ನಿಂತಿತು. ನಮ್ಮ ಮನೆಯಲ್ಲಿ ಕೇಳಿದ ಅದೇ ಬರಿದು. ಈ ಸಲ ಅದು ನಾನು ಮಾಡಿದ್ದು. ತಬಲಾದವನು ನನ್ನ ಕಡೆ ನೋಡಲಿಲ್ಲ. ಸದಾ ಏನಾದರೊಂದು ಚೇಷ್ಟೆ ಮಾತಾಡುವವನು ವಾಪಸು ಬರುವಾಗ ಒಂದೇ ಮಾತಾಡಿದ, "ವರ್ಷದ ಕಾರ್ಯಕ್ಕಾದ್ರೂ ಬರ್ತೈತಲ್ಲ?"

ಬಂತು. ಹೊಸ ತಿದಿ ಹಾಕಿದ ಪೇಟಿಯ ಮುಂದೆ ಮೊದಲ ಸಲ ಕೂತಾಗ ನನಗೆ ಭಯವಾಯಿತು. ಒಂದು ಪಟ್ಟಿ ಒತ್ತಿ ತಿದಿ ಆಡಿಸಿದರೆ ಸ್ವರ ಮುಗಿಯುತ್ತಲೇ ಇರಲಿಲ್ಲ. ತುಂಡು ಮಾಡಿ ನುಡಿಸಿದರೆ ಸುಳ್ಳು ಸುಳ್ಳೇ ಅಳುವವರ ಹಾಗೆ ಕೇಳಿಸುತ್ತಿತ್ತು. ಆದರೂ ನನ್ನ ಬಳಿ ಇದ್ದದ್ದು ಅವೇ ಒಂಬತ್ತು ಭರ್ತಿ. ಉಳಿದ ದಿನಗಳಲ್ಲಿ ಅವನ್ನೇ ಮತ್ತೆ ಮತ್ತೆ ತಿರುವಿದೆ.

ವರ್ಷದ ಕಾರ್ಯದ ಬೆಳಿಗ್ಗೆ ತಮ್ಮನ ಫೋಟೋಕ್ಕೆ ಹಾರ ಹಾಕಿ ಮಂಡಳಿಯವರು ಕೂತರು. ಅಜ್ಜನ ಬಲಗಡೆ ನಾನು ಕೂತೆ. ಮೇಷ್ಟ್ರೂ ಬಂದಿದ್ದರು, ಗೋಡೆಗೆ ಒರಗಿ ಹಿಂದೆ ಕೂತರು. ಅಜ್ಜ ಕಣ್ಣು ಮುಚ್ಚಿ ಮೊದಲ ಸಾಲು ಎತ್ತಿದರು, ನನಗೆ ಜಾಗ ಬಿಟ್ಟು ನಿಲ್ಲಿಸಿದರು. ನಾನು ಮೊದಲ ಭರ್ತಿ ಶುರು ಮಾಡಿದೆ.

ಎರಡು ಸ್ವರಕ್ಕೇ ಕೆಟ್ಟಿತು. ಅಜ್ಜನ ದನಿ ಇಳಿದಿತ್ತು. ರೆಕಾರ್ಡಿಂಗಿನಲ್ಲಿ ಅವರು ಐದಾರು ವರ್ಷದ ಹಿಂದಿನ ಅಜ್ಜ. ನಾನು ತಿಂಗಳುಗಟ್ಟಲೆ ಆ ಅಜ್ಜನಿಗೆ ಅಭ್ಯಾಸ ಮಾಡಿದ್ದೆ, ಮಂಡಳಿಯ ಜೊತೆ ಒಮ್ಮೆಯೂ ನುಡಿಸಿ ನೋಡಿರಲಿಲ್ಲ. ಎದುರಿಗಿದ್ದ ಅಜ್ಜ ಅದಕ್ಕಿಂತ ಒಂದು ಪಟ್ಟಿ ಕೆಳಗೆ ಹಾಡುತ್ತಿದ್ದರು. ನನ್ನ ಬೆರಳುಗಳಿಗೆ ಬಾಯಿಪಾಠವಿದ್ದ ಜಾಗಗಳಲ್ಲಿ ಈಗ ಬೇರೆ ಸ್ವರಗಳಿದ್ದವು. ತಬಲಾದವನು ಕೆಮ್ಮಿದ. ನಾನು ಕೈ ಎತ್ತಿಬಿಟ್ಟೆ.

ಅಜ್ಜ ಎರಡನೆಯ ಸಾಲು ಹಾಡಿದರು. ಅದು ಮುಗಿದದ್ದು ಎಲ್ಲಿ ಎಂದು ಹುಡುಕಿ ಆ ಒಂದು ಪಟ್ಟಿಯನ್ನು ಒತ್ತಿದೆ. ಬಿಡಲಿಲ್ಲ. ಅದು ನಿಂತುಕೊಂಡಿತು. ಅಜ್ಜ ಅದರ ಮೇಲೆಯೇ ಮೂರನೆಯ ಸಾಲು ಇಟ್ಟರು. ಆಮೇಲೆ ಅದರ ಪಕ್ಕದ್ದೊಂದು, ಅದರ ಆಚೆಯದೊಂದು ಸೇರಿಸಿದೆ. ಒಟ್ಟು ಮೂರು. ಇವಿಷ್ಟರ ಹೊರಗೆ ಹೋಗಬಾರದು ಎಂದು ಹಲ್ಲು ಕಚ್ಚಿ ಕೂತೆ.

ನಡುವೆ ತಮ್ಮನ ಮಗಳು ಕೂಸನ್ನು ಎತ್ತಿಕೊಂಡು ಬಂದಳು. ಫೋಟೋ ನೋಡಿ ಬಾಗಿಲಲ್ಲೇ ಅಳತೊಡಗಿದಳು. ಕೂಸೂ ಅತ್ತಿತು. ಅಜ್ಜ ಹಾಡು ನಿಲ್ಲಿಸಿದರು. ಆ ಮೂರು ಸ್ವರಗಳನ್ನು ಅತ್ತ ಇತ್ತ ಮಾಡುತ್ತ ನಾನೊಬ್ಬನೇ ಉಳಿದೆ. ಅವಳು ಅತ್ತಷ್ಟು ಹೊತ್ತೂ ನುಡಿಸಿದೆ. ಎಡಗೈ ಭುಜದಿಂದ ಕೆಳಗೆ ನೋಯುತ್ತಿತ್ತು. ನುಡಿಸಿದ್ದನ್ನೇ ನುಡಿಸುತ್ತಿದ್ದೇನೆ ಎಂದು ಗೊತ್ತಾಗುತ್ತಿತ್ತು, ಆದರೂ ನಿಲ್ಲಿಸಲಿಲ್ಲ. ಅವಳು ಮೂಗು ಒರೆಸಿಕೊಂಡು ಒಳಗೆ ಬಂದು ಕೂತಾಗ ಅಜ್ಜ ಮುಂದಿನ ಸಾಲನ್ನು ಒಂದೇ ಸಲಕ್ಕೆ ಎತ್ತಿದರು. ಚೆನ್ನಾಗಿತ್ತು ಎಂದು ನಾನು ಹೇಳಲಾರೆ.

ಊಟವಾದ ಮೇಲೆ ಕಟ್ಟೆಯ ಮೇಲೆ ಮಾತಾಯಿತು.

"ಅವನಂಗೆ ಇಲ್ಲ" ಎಂದ ತಬಲಾದವನು. "ಮೂರು ಪಟ್ಟಿ ಬಿಟ್ಟು ಉಳಿದಿದ್ದೆಲ್ಲ ಹೊಸದಂಗೇ ಅದಾವೆ, ಬಳಸೇ ಇಲ್ಲ."

"ಖಾಲಿ ಬಿಡ್ಲಿಲ್ಲಲ್ಲ" ಎಂದರು ಅಜ್ಜ. ನನ್ನ ಕಡೆ ತಿರುಗಿದರು. "ಪೇಟಿ ಇಲ್ಲೇ ಇರ್ಲಿ. ಆದ್ರೆ ಕೇಳ್ದೆ ಎಲ್ಲೂ ಒಯ್ಬ್ಯಾಡ."

ಮೇಷ್ಟ್ರು ನಕ್ಕು, "ನಮ್ಮನ್ಯಾಗ ಅದಕ್ಕಂತ ಒಂದು ಮೂಲೆ ಖಾಲಿ ಮಾಡಿ ಇಟ್ಟಿದ್ರು. ಇರ್ಲಿ ಬಿಡ್ರಿ, ಅಕ್ಕಿ ಮೂಟೆ ಇಡ್ತೀವಿ" ಎಂದರು.

ಎಲ್ಲರೂ ಹೋದ ಮೇಲೆ ಹಿತ್ತಿಲಿಗೆ ಹೋದೆ. ತಮ್ಮನ ಹೆಂಡತಿ ನಲ್ಲಿಯ ಕೆಳಗೆ ದೊಡ್ಡ ಪಾತ್ರೆಗಳನ್ನು ಉಜ್ಜುತ್ತಿದ್ದಳು. ಬಕೆಟ್ ಸರಿಸಿ ಕೊಟ್ಟೆ.

"ಏನಂದ್ರು?" ಕೇಳಿದಳು.

"ಪೇಟಿ ಇಲ್ಲೇ ಇರ್ತೈತೆ."

ಅವಳ ಕೈ ನಿಂತಿತು. ಮತ್ತೆ ಉಜ್ಜತೊಡಗಿದಳು. ನನ್ನ ಕಡೆ ನೋಡದೆ, "ನಾನು ಇವತ್ತಿನ ದಿನಕ್ಕೇ ಕಾಯ್ತಿದ್ದೆ ಭಾವಾರೆ" ಎಂದಳು.

"ಯಾಕವ್ವ?"

"ವರ್ಷ ತುಂಬಿದ್ರೆ ಒಯ್ತಾರೆ ಅಂದಿದ್ರಲ್ಲ." ನೀರು ಬಿಟ್ಟು ಪಾತ್ರೆ ತೊಳೆದಳು. "ಆರು ಗಂಟೆ ಆದ್ರೆ ಪೇಟಿ ಸದ್ದು ಬರ್ತೈತೆ. ಅಡಿಗೆಮನ್ಯಾಗ ಇದ್ರೆ ಅವ್ರೇ ಬಂದು ಕೂತ್ರು ಅನ್ಸ್ತೈತೆ. ಗೊತ್ತೈತೆ ನಂಗೆ, ನೀವು ಅಂತ. ಆದ್ರೂ ಕೈ ತಾನೇ ಇನ್ನೊಂದು ಲೋಟ ಚಾಕ್ಕೆ ನೀರು ಹಾಕ್ತೈತೆ. ಅದಕ್ಕೇ ಮಾಳಿಗೆ ಮ್ಯಾಲೆ ಹೋಗಿ ನಿಂತ್ಕಂತಿದ್ದೆ. ಅವತ್ತಂತೂ ಅವ್ರಂಗೇ ಬಾರ್ಸಿದ್ರಿ. ಆ ರಾತ್ರಿ ಊಟ ಸೇರ್ಲಿಲ್ಲ ನಂಗೆ."

"ಒಂದು ಮಾತು ಹೇಳ್ಬೇಕಿತ್ತಲ್ಲವ್ವ."

"ಹೆಂಗೆ ಹೇಳ್ಲಿ? ನಿಮ್ಗೂ ತಮ್ಮ ಅಲ್ವಾ ಅವ್ರು."

ನಾನು ಬಕೆಟ್ ತುಂಬುವ ತನಕ ನಿಂತಿದ್ದೆ. ಹಂಗೇ ಐತೆ ಎಂದು ಅವಳು ಹೇಳಿದ್ದನ್ನು ನಾನು ಎಷ್ಟು ದಿನ ಎದೆಯಲ್ಲಿಟ್ಟುಕೊಂಡು ಓಡಾಡಿದ್ದೆನೋ. ಹತ್ತು ವರ್ಷ ತಮ್ಮನ ಹಿಂದೆ ಕೂತು ಅವನ ತಿದಿ ಸೋರುವುದು ಕೇಳಿಸಿರಲಿಲ್ಲ. ಒಂದು ವರ್ಷ ಇದೇ ಮನೆಯಲ್ಲಿದ್ದು ಇವಳದೂ ಕೇಳಿಸಲಿಲ್ಲ. ಪಾಠದ ಮೇಷ್ಟ್ರು ಪ್ರತಿ ಸಲ ಕೊನೆಗೆ ಒಂದು ಮಾತು ಹೇಳುತ್ತಿದ್ದರು, ನುಡಿಸುವ ಮೊದಲು ಕೇಳಿಸಿಕೊಳ್ಳಿ ಎಂದು. ಅದು ಶುರುವಾದ ಕೂಡಲೇ ನಾನು ಫೋನ್ ಆರಿಸಿಬಿಡುತ್ತಿದ್ದೆ.

ಮರುದಿನ ಅಜ್ಜನಿಗೆ ಫೋನ್ ಮಾಡಿದೆ.

"ತಲೆ ಕೆಟ್ಟೈತಾ ನಿಂಗೆ? ನಿನ್ನೆ ಅಲ್ಲೇ ಇರ್ಲಿ ಅಂದೀನಿ, ಇವತ್ತು ಒಯ್ರಿ ಅಂತೀಯಲ್ಲ."

"ಮನ್ಯಾಗ ಆಗಂಗಿಲ್ಲ ಅಜ್ಜಾ."

ಅವರು ಯಾಕೆ ಎಂದು ಕೇಳಲಿಲ್ಲ. "ಭಾನುವಾರ ಮೇಷ್ಟ್ರಿಗೆ ಹೇಳ್ತೀನಿ" ಎಂದರು. ಫೋನ್ ಇಡುವ ಮೊದಲು, "ನೀನು ಬಿಡಬ್ಯಾಡ" ಎಂದರು.

ಮೇಷ್ಟ್ರು ಬೈಕ್ ತಂದರು. ತಮ್ಮನ ಹೆಂಡತಿ ಪೇಟಿಯನ್ನು ಒರೆಸಿ, ಒಗೆದ ಪಂಚೆಯಲ್ಲಿ ತಾನೇ ಗಂಟು ಹಾಕಿ ಕಟ್ಟಿದಳು. ಗಂಟಿನ ಮೇಲೆ ಕೈಯಿಟ್ಟು ತುಸು ಹೊತ್ತು ಕೂತಳು. ನಾವು ಬಾಗಿಲಲ್ಲಿ ಕಾದೆವು. ಆಮೇಲೆ ಎದ್ದು, "ಒಯ್ರಿ" ಎಂದಳು.

ಈಗ ಭಾನುವಾರ ಮಧ್ಯಾಹ್ನ ನಾನು ಬಾತಿಗೆ ಹೋಗಿ ಮೇಷ್ಟ್ರ ಮನೆಯಲ್ಲಿ ಒಂದು ಗಂಟೆ ನುಡಿಸಿ ಬರುತ್ತೇನೆ. ಪಾಠ ಇಪ್ಪತ್ತರ ಹತ್ತಿರ ಬಂದಿದೆ. ನೋಟ್ ಪುಸ್ತಕ ತೆಗೆಯುವುದಿಲ್ಲ. ನಾಲ್ಕನೆಯ ಸ್ವರ ಸೇರಿದೆ, ಐದನೆಯದು ಇನ್ನೂ ದೂರವಿದೆ. ಶಾಲೆ ಇರುವ ದಿನ ಯಾರಾದರೂ ಹೋದರೆ ಮೇಷ್ಟ್ರಿಗೆ ಬರಲಾಗುವುದಿಲ್ಲ. ಆಗ ಅಜ್ಜ ನನಗೆ ಫೋನ್ ಮಾಡುತ್ತಾರೆ. ತಬಲಾದವನು ಕಾರ್ಖಾನೆಯ ಗೇಟಿಗೆ ಬಂದು ಹಾರ್ನ್ ಹಾಕುತ್ತಾನೆ. ಬಾತಿಯಲ್ಲಿ ಪೇಟಿ ಎತ್ತಿಕೊಂಡು ಹೋಗುತ್ತೇವೆ. ಗುರುತಿಲ್ಲದ ಮನೆಗಳು, ಗುರುತಿಲ್ಲದ ಮುಖಗಳು. ಜನ ಬಾಗಿಲಲ್ಲಿ ಕುಸಿಯುತ್ತಾರೆ, ಹಾಡು ನಿಲ್ಲುತ್ತದೆ, ನಾನು ನುಡಿಸುತ್ತೇನೆ. ಪ್ರತಿ ಸಲವೂ ಇದೇ ಕೊನೆ, ಇನ್ನು ನನ್ನಿಂದಾಗದು ಅನ್ನಿಸುತ್ತದೆ. ವಾಪಸು ಬಂದು ಹಿತ್ತಿಲಲ್ಲೇ ಸ್ನಾನ ಮಾಡಿ ಒಳಗೆ ಹೋಗುತ್ತೇನೆ. ತಮ್ಮನ ಹೆಂಡತಿ ತಟ್ಟೆ ಹಾಕುತ್ತ, "ಯಾರು ಹೋದ್ರು?" ಎಂದು ಕೇಳುತ್ತಾಳೆ. ಹೇಳುತ್ತೇನೆ. "ಮಕ್ಳು ಎಷ್ಟು ದೊಡ್ಡವು?" ಎನ್ನುತ್ತಾಳೆ. ಅದನ್ನೂ ಹೇಳುತ್ತೇನೆ.